ಗಟ್ಟಿ ಎಂದರೆ ಎಷ್ಟು ಗಟ್ಟಿ

ಜನವರಿ 9

ಪ್ರೀತಿಯ ಮಾವನಿಗೆ,

ನಿಂತಿದ್ದರೆ ಕೂತುಕೊಂಡು ಓದಿ. ಆಯಿತು ಮಾವ! ಎರಡು ವರ್ಷದಿಂದ ಅಮ್ಮ "ಇನ್ನೂ ಆಗಿಲ್ವೇನೇ?" ಎಂದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಸಿದ್ದಳಲ್ಲ, ಅದು ಆಯಿತು. ಪ್ಲಾಟಿನಂ ಹೋಗಿ ಸಾರಜನಕದ ಜೊತೆ ಕೂಡಿಕೊಂಡಿತು. ಫೋನಿನಲ್ಲಿ ಹೇಳಿದರೆ ನಿಮ್ಮ ಕಾರ್ಖಾನೆಯ ಗದ್ದಲದಲ್ಲಿ "ಹಾಂ? ಏನಂದೆ?" ಎನ್ನುತ್ತೀರಿ. ಅದಕ್ಕೇ ಕಾಗದ.

ಇದು ಎಷ್ಟು ಕಷ್ಟದ ಸಂಬಂಧ ಗೊತ್ತೇ? ಚಿನ್ನ, ಪ್ಲಾಟಿನಂ, ಇರಿಡಿಯಂ ಇವಕ್ಕೆಲ್ಲ ಕುಲೀನ ಲೋಹಗಳೆಂದು ಹೆಸರು. ಹೆಸರಿಗೆ ತಕ್ಕ ಬಿಂಕ. ಗಾಳಿ, ನೀರು, ಆಮ್ಲ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಾರಜನಕವೂ ಕಮ್ಮಿಯಿಲ್ಲ, ಅದರ ಪರಮಾಣುಗಳು ಎರಡೆರಡಾಗಿ ಕೈ ಹಿಡಿದುಕೊಂಡರೆ ಮುಗಿಯಿತು, ಮೂರನೆಯವರನ್ನು ಕಣ್ಣೆತ್ತಿ ನೋಡುವುದಿಲ್ಲ. ಇವೆರಡನ್ನು ಎರಡು ವಜ್ರಗಳ ಮೊನೆಯ ನಡುವೆ ಕೂಡಿ ಹಾಕಿ, ನಮ್ಮ ತಲೆಯ ಮೇಲಿನ ಗಾಳಿಯ ಭಾರದ ಐದು ಲಕ್ಷ ಪಟ್ಟು ಅದುಮಿ, ಲೇಸರ್ ಬೆಳಕಿನಿಂದ ಎರಡು ಸಾವಿರ ಡಿಗ್ರಿಗೆ ಕಾಯಿಸಿದೆವು. ಆಮೇಲೆ ಒತ್ತಡ ತೆಗೆದರೂ ಅವು ಬಿಟ್ಟು ಹೋಗಲಿಲ್ಲ. ಕಪ್ಪಗೆ ಹೊಳೆಯುವ ಕಾಳುಗಳು, ಒಂದೊಂದೂ ಕೂದಲಿನ ಅರ್ಧ ದಪ್ಪ.

ಇನ್ನು ಗಟ್ಟಿತನ. ಅದನ್ನು ಅಳೆಯುವುದೇ ನಿಮ್ಮ ಕಸುಬಾದ್ದರಿಂದ ನಿಮಗೇ ಮೊದಲು ಹೇಳುತ್ತಿದ್ದೇನೆ. ಎಷ್ಟು ಅದುಮಿದರೂ ಇದು ಕುಗ್ಗುವುದೇ ಇಲ್ಲ. ವಜ್ರ ಹದಿನಾರಾಣೆ ಎಂದರೆ ಇದು ಹದಿಮೂರಾಣೆ! ನನ್ನ ಪಿಎಚ್‌ಡಿ ಪ್ರಬಂಧದ ಐದನೇ ಅಧ್ಯಾಯಕ್ಕೆ "ವಜ್ರದ ಪಕ್ಕದಲ್ಲಿ ಕೂರುವ ಗಟ್ಟಿ ವಸ್ತು" ಎಂದು ಹೆಸರಿಟ್ಟಿದ್ದೇನೆ. ನನ್ನ ಗೈಡ್ ಸರ್ ಓದಿ ಎರಡು ಸಲ ಭೇಷ್ ಎಂದರು. ಏಪ್ರಿಲ್ 30ಕ್ಕೆ ಪ್ರಬಂಧ ಒಪ್ಪಿಸಬೇಕು. ಆ ಅಧ್ಯಾಯ ನಿಂತರೆ ಪದವಿಯೂ ನಿಂತಿತು, ಇದೇ ಪ್ರಯೋಗಾಲಯದಲ್ಲಿ ಕೆಲಸವೂ ಸಿಕ್ಕಿತು. ಅದು ಬಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಹೋಮ.

ಅತ್ತೆಗೆ ಹೇಳಿ, ನನಗೀಗ ಕೊಂಬು ಬಂದಿದೆ ಎಂದು.

ನಿಮ್ಮ,
ಚಿನಕುರುಳಿ

*

ಜನವರಿ 20

ಚಿನಕುರುಳಿಗೆ,

ಕೊಂಬಿನ ಸುದ್ದಿ ಅತ್ತೆಗೆ ಓದಿ ಹೇಳಿದೆ. "ಅವಳಿಗೆ ಹುಟ್ಟಿದಾಗಲೇ ಇತ್ತಲ್ಲ" ಎಂದಳು. ನಾನು ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಓದಿದೆ. ಐದು ಲಕ್ಷ ಪಟ್ಟು ಎಂದಾಗ ಗಿಯರ್ ಕತ್ತರಿಸುವವರು ಮಿಷಿನ್ ನಿಲ್ಲಿಸಿ ಕೇಳಿಸಿಕೊಂಡರು. ನಮ್ಮ ಮನೆತನದಲ್ಲಿ ಇಂಥ ಕೆಲಸ ಮಾಡಿದವರು ಯಾರಿದ್ದಾರೆ? ಎದೆ ಉಬ್ಬಿ ಅಂಗಿ ಗುಂಡಿ ಕಿತ್ತು ಹೋಗುವುದೊಂದು ಬಾಕಿ.

ಈಗ ಒಂದು ಕಿರಿಕಿರಿ. ಕೋಪ ಮಾಡಿಕೊಳ್ಳಬೇಡ.

ಕುಗ್ಗುವುದಿಲ್ಲ ಎಂದು ಬರೆದಿದ್ದೀಯ, ಒಪ್ಪಿದೆ. ಗಟ್ಟಿ ಎಂದು ಹೇಗೆ ಗೊತ್ತಾಯಿತು? ಲಾರಿ ಎತ್ತುವ ಜಾಕಿನೊಳಗೆ ಇರುವುದು ಬರೀ ಎಣ್ಣೆ. ಹತ್ತು ಟನ್ ಹೇರಿದರೂ ಅದು ಕುಗ್ಗುವುದಿಲ್ಲ, ಅದಕ್ಕೇ ಲಾರಿ ಮೇಲೇಳುವುದು. ಅದೇ ಎಣ್ಣೆಯ ಡಬ್ಬಿಗೆ ಬೆರಳು ಹಾಕು, ಸೀದಾ ತಳ ಮುಟ್ಟುತ್ತದೆ. ಎಣ್ಣೆಯನ್ನು ಗಟ್ಟಿ ಎನ್ನುತ್ತೀಯೇನೇ?

ನಾನು ಓದಿದ್ದು ಕಮ್ಮಿ. ಆದರೆ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ವಜ್ರದ ಮೊನೆಯನ್ನು ಉಕ್ಕಿಗೆ ಊರುವುದು, ಬಿದ್ದ ಚೌಕದ ಗುರುತನ್ನು ಮೈಕ್ರೊಸ್ಕೋಪಿನಲ್ಲಿ ಮೂಲೆಯಿಂದ ಮೂಲೆಗೆ ಅಳೆಯುವುದು. ಗುರುತು ಚಿಕ್ಕದಾದರೆ ವಸ್ತು ಗಟ್ಟಿ, ದೊಡ್ಡದಾದರೆ ಮೆತ್ತಗೆ. ನಮ್ಮಲ್ಲಿ ಗಟ್ಟಿ ಎಂದರೆ ಅಷ್ಟೇ. ನಿನ್ನ ಕಾಳಿನ ಮೇಲೆ ಯಾರಾದರೂ ಮೊನೆ ಊರಿ ನೋಡಿದ್ದಾರಾ?

ಇಲ್ಲದಿದ್ದರೆ ನಾಲ್ಕು ಕಾಳು ಕಳಿಸು. ಕಡಿಮೆ ಭಾರದ ಮಿಷಿನ್ ನಮ್ಮಲ್ಲಿದೆ, ಇಪ್ಪತ್ತೈದು ಗ್ರಾಂ ಹೇರಿ ಊರುತ್ತೇನೆ. ನಮ್ಮ ಮ್ಯಾನೇಜರ್ ಒಪ್ಪಿದ್ದಾರೆ.

ಮಾವ

*

ಫೆಬ್ರವರಿ 2

ಮಾವ,

ನಿಮ್ಮ ಕಾಗದ ಓದಿ ಮೈ ಉರಿಯಿತು. ನಾಲ್ಕು ವರ್ಷದ ಕೆಲಸಕ್ಕೆ ಜಾಕಿನ ಎಣ್ಣೆ ಸುರಿದರಲ್ಲ ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ. ನಾಲ್ಕನೆಯ ದಿನ ಐದನೇ ಅಧ್ಯಾಯ ತೆಗೆದು ನನ್ನದೇ ವಾಕ್ಯಗಳನ್ನು ಓದಿದೆ. ನೀವು ಹೇಳಿದ್ದು ಸರಿ. ಸುತ್ತಲಿಂದ ಅದುಮಿದರೆ ಕುಗ್ಗದಿರುವುದು ಒಂದು ಗುಣ, ಪಕ್ಕಕ್ಕೆ ತಳ್ಳಿದರೆ ಜಾರದಿರುವುದು ಇನ್ನೊಂದು. ನಾನು ಮೊದಲನೆಯದನ್ನು ಅಳೆದು ಅದಕ್ಕೆ ಎರಡನೆಯದರ ಹೆಸರಿಟ್ಟಿದ್ದೆ. ಪುಸ್ತಕ ಓದಿ ಓದಿ ಗಟ್ಟಿ ಎಂಬ ಮಾತೇ ನನ್ನ ಬಾಯಲ್ಲಿ ಸವೆದು ಹೋಗಿತ್ತು. ನಿಮ್ಮ ಬಾಯಲ್ಲಿ ಅದಿನ್ನೂ ಹರಿತವಾಗಿದೆ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಕಾಳುಗಳ ಒಳಗೆ ಹೇಗಿದೆ ಎಂದು ಹೇಳಿಬಿಡುತ್ತೇನೆ, ಮೊನೆ ಊರುವಾಗ ಯಾವುದರ ಮೇಲೆ ಊರುತ್ತಿದ್ದೀರಿ ಎಂದು ಗೊತ್ತಿರಲಿ. ಪ್ಲಾಟಿನಂ ಪರಮಾಣುಗಳು ಪೆಟ್ಟಿಗೆಯ ಎಂಟು ಮೂಲೆಯಲ್ಲೂ ಆರು ಮುಖಗಳ ನಡುವೆಯೂ ಕೂತಿವೆ. ಅವುಗಳ ಸಂದಿಯಲ್ಲಿ ಸಾರಜನಕ. ತಮಾಷೆಯೆಂದರೆ ಎಕ್ಸ್-ರೇ ಹಾಯಿಸಿದರೆ ಪ್ಲಾಟಿನಂ ಮಾತ್ರ ಕಾಣುತ್ತದೆ. ಅದರ ಮುಂದೆ ಸಾರಜನಕ ಇದ್ದೂ ಇಲ್ಲದ ಹಾಗೆ. ಅದಕ್ಕೇ ನಮಗಿಂತ ಮೊದಲು ಇದನ್ನು ಮಾಡಿದವರು ಸಾರಜನಕ ಒಂಟಿ ಒಂಟಿಯಾಗಿ ಕೂತಿದೆ ಎಂದುಕೊಂಡಿದ್ದರು. ಲೆಕ್ಕ ಹಾಕಿದವರು ಬೇಡವೆಂದರು, ಅಂಥ ಕಟ್ಟಡ ಪಕ್ಕಕ್ಕೆ ವಾಲಿ ಬಿದ್ದೇ ಹೋಗುತ್ತದೆ ಎಂದರು. ಆಮೇಲೆ ಬೆಳಕು ಬಿಟ್ಟು ಅದರ ನಡುಕವನ್ನು ಅಳೆದಾಗ ಗೊತ್ತಾಯಿತು: ಒಂಟಿಯಲ್ಲ, ಜೋಡಿ. ಕೈ ಹಿಡಿದುಕೊಂಡೇ ಒಳಗೆ ಬಂದು, ಒಂದೊಂದು ಜೋಡಿ ಒಂದೊಂದು ಓರೆ ದಿಕ್ಕಿಗೆ ಮುಖ ಮಾಡಿ ನಿಂತಿದೆ. ಕಬ್ಬಿಣದ ಅದಿರಿನಲ್ಲಿ ಹಳದಿ ಹಳದಿಯಾಗಿ ಹೊಳೆದು ಚಿನ್ನವೆಂದು ಮೋಸ ಮಾಡುವ ಕಲ್ಲೊಂದಿದೆಯಲ್ಲ, ಅದರೊಳಗೂ ಇದೇ ಜೋಡಣೆ. ಇಷ್ಟು ಚೆಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾಲ್ಕು ಕಾಳುಗಳನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ಉಜ್ಜಿ ನುಣುಪು ಮಾಡಿ ಕಳಿಸಿದ್ದೇನೆ. ಸರ್ ಮೊದಲು ಮೂಗು ಮುರಿದರು. "ಗಿಯರ್ ಕಾರ್ಖಾನೇಲಿ ನಮ್ಮ ಕಾಳು ಅಳೀತಾರಾ?" ಎಂದರು. ಆಮೇಲೆ, "ನಿಮ್ಮ ಮಾವನ ಕಣ್ಣು ಹೇಗೆ?" ಎಂದು ಕೇಳಿದರು. ಹದ್ದಿನ ಕಣ್ಣು ಸರ್ ಎಂದೆ.

ಚಿನಕುರುಳಿ

*

ಫೆಬ್ರವರಿ 23

ಚಿನಕುರುಳೀ,

ಗೆದ್ದೆ ಕಣೇ!

ನಾಲ್ಕು ಕಾಳಿಗೂ ಒಂದೊಂದು ಗುರುತು ಹಾಕಿದೆ. ಒಂದು ಬಿರುಕು ಬಿಟ್ಟಿತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಳಿದ ಮೂರರಲ್ಲಿ ಮೂಲೆಯಿಂದ ಮೂಲೆಗೆ ಮೂರೂ ಕಾಲು ಮೈಕ್ರಾನ್ ಚಿಲ್ಲರೆ. ಅಂದರೆ ಗಟ್ಟಿತನ ನಾಲ್ಕು ಸಾವಿರದ ಇನ್ನೂರು! ನಾವು ಉಕ್ಕು ಕತ್ತರಿಸುವ ಕಾರ್ಬೈಡ್ ಅಲಗು ಸಾವಿರದ ಏಳುನೂರು. ನಾನು ಸುಮ್ಮನೆ ನಿನ್ನ ಕಾಲೆಳೆದಿದ್ದೆ. ನೀನು ಬರೆದದ್ದೇ ನಿಜವಾಯಿತು.

ಅಬ್ಬಬ್ಬಾ, ಪ್ಲಾಟಿನಂ ಎಂದರೆ ಉಗುರಿಗೆ ಹೆದರುವ ಲೋಹವೆಂದು ತಿಳಿದಿದ್ದೆ. ನೀನು ಅದನ್ನು ಏನು ಮಾಡಿಟ್ಟಿದ್ದೀಯ ಮಾರಾಯ್ತಿ!

ಮಾವ

*

ಮಾರ್ಚ್ 3

ಮಾವಾ ಮಾವಾ ಮಾವಾ,

ಕಾಗದ ಹಿಡಿದು ಮೆಟ್ಟಿಲು ಹತ್ತಿದ್ದು ನೆನಪಿದೆ, ಸರ್ ಕೋಣೆಯ ಬಾಗಿಲು ತಟ್ಟಿದ್ದು ನೆನಪಿಲ್ಲ. ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ನಾಲ್ಕು ಸಾವಿರ ದಾಟಿದ್ರೆ ಅತಿಗಟ್ಟಿ ವಸ್ತುಗಳ ಸಾಲಿಗೆ ಸೇರ್ತು ಕಣಮ್ಮಾ!" ಎಂದು ಪಕ್ಕದ ಕೋಣೆಯವರನ್ನೆಲ್ಲ ಕರೆದು ಹೇಳಿದರು. ಐದನೇ ಅಧ್ಯಾಯದ ಹೆಸರು ಹಾಗೆಯೇ ಉಳಿಯಿತು. ನೀವು ಕೊಟ್ಟ ಅಂಕಿ ಅದರ ಮೊದಲ ಸಾಲಿನಲ್ಲೇ ಇದೆ.

ಒಂದೇ ಒಂದು ಕೆಲಸ ಬಾಕಿ. ನಿಮ್ಮ ಕಾರ್ಖಾನೆಯ ಮೊಹರು ಒತ್ತಿದ ಅಳತೆಯ ಹಾಳೆ ಬೇಕಂತೆ, ನಿಮ್ಮ ಸಹಿಯ ಜೊತೆ. ಪ್ರಬಂಧದ ಕೊನೆಗೆ ಸೇರಿಸಬೇಕು.

ಅಂದ ಹಾಗೆ, ನಿಮ್ಮ ಅಕ್ಷರ ಏಕೆ ಇಷ್ಟು ದಪ್ಪಗಾಗಿದೆ? ಸಾಲಿಗೆ ನಾಲ್ಕೇ ಪದ! ಹೊಸ ಪೆನ್ನಾ, ಇಲ್ಲಾ ಖುಷಿಗೆ ಅಕ್ಷರವೂ ಉಬ್ಬಿತಾ?

ಚಿನಕುರುಳಿ

*

ಮಾರ್ಚ್ 26

ಮಾವ,

ಮೂರು ವಾರವಾಯಿತು. ಹಾಳೆಯೂ ಇಲ್ಲ, ಕಾಗದವೂ ಇಲ್ಲ. ಫೋನ್ ಮಾಡಿದರೆ ಅತ್ತೆ "ಅವರು ಕೆಲಸದಲ್ಲಿದಾರೆ" ಎಂದು ಇಟ್ಟುಬಿಡುತ್ತಾರೆ. ಮೊಹರು, ಸಹಿ ಎಂದೆಲ್ಲ ಕೇಳಿದ್ದು ನಿಮ್ಮ ಮೇಲೆ ನಂಬಿಕೆಯಿಲ್ಲದ ಹಾಗೆ ಕೇಳಿಸಿತೇ? ಆ ಅಹಂಕಾರ ನನಗಿಲ್ಲ. ಅದು ಕಚೇರಿಯ ನಿಯಮ ಅಷ್ಟೇ. ನನಗೆ ನಿಮ್ಮ ಬಾಯಿಮಾತೇ ಸಾಕಿತ್ತು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆದರೆ ಹಾಳೆ ಕಳಿಸಿ. ಇನ್ನು ಐದು ವಾರ ಮಾತ್ರ ಇದೆ.

ಚಿನಕುರುಳಿ

*

ಏಪ್ರಿಲ್ 4

ಮಗಳೇ,

ನಾನು ಕೊಟ್ಟ ಅಂಕಿ ತಪ್ಪು. ಅದನ್ನು ತೆಗೆದುಹಾಕು. ಸರಿಯಾದ ಅಂಕಿ ಎರಡು ಸಾವಿರದ ಇನ್ನೂರು. ಮೊಹರು ಒತ್ತಿದ ಹಾಳೆ ಈ ಕಾಗದದ ಜೊತೆ ಇದೆ. ಅದರ ಮೇಲಿರುವ ಸಹಿ ನನ್ನದಲ್ಲ.

ನಿನ್ನ ಮೇಲೆ ಕೋಪ ಎಂದುಕೊಂಡೆಯಾ? ಅಯ್ಯೋ ಹುಚ್ಚಿ. ನಿನಗೆ ಮುಖ ಕೊಟ್ಟು ಮಾತಾಡಲು ಧೈರ್ಯವಿರಲಿಲ್ಲ.

ನಮ್ಮಲ್ಲಿ ಮೊಹರು ಬೇಕೆಂದರೆ ಗುರುತನ್ನು ಇಬ್ಬರು ಓದಬೇಕು. ಎರಡನೆಯವಳು ಗ್ರೈಂಡಿಂಗ್ ವಿಭಾಗದವಳು, ನಾವೆಲ್ಲ ಅವಳನ್ನು ಮೈಕ್ರಾನಮ್ಮ ಎಂದು ಕರೆಯುತ್ತೇವೆ. ಅವಳು ನಿನ್ನ ಕಾಳು ನೋಡಿ ನಾಲ್ಕೂವರೆ ಮೈಕ್ರಾನ್‌ಗೆ ಮೇಲೆ ಎಂದಳು. ನಾನು ಮೂರೂ ಕಾಲು ಎಂದಿದ್ದೆ. "ನಿಂಗೆ ಓದೋಕೆ ಬರಲ್ಲ" ಎಂದು ಎಲ್ಲರ ಮುಂದೆ ರೇಗಿದೆ. ಅವಳು ಹೋಗಿ, ಅದೇ ಇಪ್ಪತ್ತೈದು ಗ್ರಾಂ ಹೇರಿ ಮೊನೆ ಊರಿದ ಒಂದು ಉಕ್ಕಿನ ತುಂಡು ತಂದಳು. ಅದರ ಮೇಲೆ ಕೆತ್ತಿದ ಗಟ್ಟಿತನದ ಅಂಕಿಗೆ ಟೇಪು ಅಂಟಿಸಿದ್ದಳು. "ಇದನ್ನ ಓದಿ ಅಣ್ಣ" ಎಂದಳು. ಏಳುನೂರ ಅರವತ್ತು ಎಂದೆ. ಟೇಪು ಕಿತ್ತಳು. ಐನೂರ ಅರವತ್ತು.

ಬಲಗಣ್ಣಿನ ನಡುವೆ ಒಂದು ವರ್ಷದಿಂದ ಮಬ್ಬಿದೆ ಮಗಳೇ. ನನಗೆ ಗೊತ್ತಿತ್ತು. ಅಕ್ಷರ ದಪ್ಪಗಾಗಿದ್ದು ಖುಷಿಗಲ್ಲ. ಗುರುತಿನ ಮೂಲೆ ಸಣ್ಣಗೆ ಚೂಪಾಗಿರುತ್ತದೆ, ಆ ತುದಿ ನನಗೆ ಕಾಣುವುದಿಲ್ಲ, ಅಲ್ಲಿಗೆ ಮುಗಿಯಿತೆಂದು ಓದುತ್ತೇನೆ. ಹಾಗಾಗಿ ಎಲ್ಲ ಗುರುತೂ ಚಿಕ್ಕದು, ಎಲ್ಲ ವಸ್ತುವೂ ಗಟ್ಟಿ.

ಇಷ್ಟು ದಿನ ಹೇಗೆ ಸಿಕ್ಕಿಬೀಳಲಿಲ್ಲ ಎಂದು ಕೇಳುತ್ತೀಯ. ದಿನಾ ಬೆಳಿಗ್ಗೆ ಮಿಷಿನ್ ಸರಿಯಿದೆಯಾ ಎಂದು ನೋಡಲು 702 ಎಂದು ಕೆತ್ತಿದ ತುಂಡಿನ ಮೇಲೆ ಮೊನೆ ಊರಿ ಓದುತ್ತೇವೆ. ದಿನಾ 701, 702, 703 ಎಂದೇ ಬರೆದಿದ್ದೇನೆ. ಸುಳ್ಳು ಬರೆದಿಲ್ಲ, ನಿಜವಾಗಿ ಹಾಗೇ ಕಾಣುತ್ತಿತ್ತು. ಮೂವತ್ತೊಂದು ವರ್ಷ ನೋಡಿದ ತುಂಡು. ಕಾಣದ ಮೂಲೆಯನ್ನು ನೆನಪು ತುಂಬಿಕೊಡುತ್ತಿತ್ತು. ನಿನ್ನ ಕಾಳಿನಲ್ಲಿ ನೆನಪು ಇರಲಿಲ್ಲ. ಅಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೇಳಿದ್ದು ಆಸೆ.

ಸೋಮವಾರ ಮ್ಯಾನೇಜರ್ ಬಳಿ ಹೋಗಿ ನನ್ನ ಮೊಹರನ್ನು ಮೇಜಿನ ಮೇಲಿಟ್ಟೆ. ಈ ಒಂದು ವರ್ಷದಲ್ಲಿ ನಾನು ಪಾಸು ಮಾಡಿದ ಗಿಯರುಗಳ ಮಾದರಿಗಳನ್ನೆಲ್ಲ ಮತ್ತೆ ಅಳೆಸಿದರು. ಗಿಯರಿನ ಗುರುತು ದೊಡ್ಡದು, ಒಂದು ಮೈಕ್ರಾನ್ ಹೋದರೆ ಅಂಕಿ ಕೆಡುವುದಿಲ್ಲ. ಎಲ್ಲ ಸರಿಯಿತ್ತು, ಬದುಕಿಕೊಂಡೆ. ನಿನ್ನ ಕಾಳಿನಲ್ಲಿ ಆ ಒಂದು ಮೈಕ್ರಾನ್ ಎಂದರೆ ನಿನ್ನ ಅಧ್ಯಾಯವೇ.

ಇಂಥ ಸಮಯದಲ್ಲಿ ಹೇಳುತ್ತಿದ್ದೇನೆ. ನಿನ್ನ ನಾಲ್ಕು ವರ್ಷಕ್ಕೆ ಕಲ್ಲು ಹಾಕಿದೆ. ಬೈಯಬೇಕೆನಿಸಿದರೆ ದೊಡ್ಡ ಅಕ್ಷರದಲ್ಲಿ ಬೈ.

ಮಾವ

*

ಏಪ್ರಿಲ್ 11

ಮಾವ,

ಬೈದೆ. ಬರೆದು ಬೈದ ಹಾಳೆಯನ್ನು ಹರಿದು ಹಾಕಿದೆ. ನಿಮ್ಮ ಕಣ್ಣಿಗೆ ಮಬ್ಬು ಬಂದದ್ದಕ್ಕಲ್ಲ, ಒಂದು ವರ್ಷ ಯಾರಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡದ್ದಕ್ಕೆ. ನಾನು ಹದ್ದಿನ ಕಣ್ಣು ಎಂದು ಊರೆಲ್ಲ ಸಾರಿಕೊಂಡು ತಿರುಗುತ್ತಿದ್ದೆನಲ್ಲ, ಆಗ ನಿಮಗೆ ಹೇಗಾಗಿರಬೇಡ ಎಂದು ನೆನೆದು ಆಮೇಲೆ ಅತ್ತುಬಿಟ್ಟೆ.

ಸರ್‌ಗೆ ಕಾಗದ ತೋರಿಸಿದೆ. ಅವರ ಮುಖ ಸಪ್ಪಗಾಯಿತು. "ನಿಮ್ಮ ಮಾವನ ಕಣ್ಣು ಮಬ್ಬಾದ್ರೆ ನಮ್ಮ ಅಧ್ಯಾಯ ಯಾಕಮ್ಮ ಬೀಳ್ಬೇಕು? ಇಬ್ಬರು ಎರಡು ಥರ ಓದಿದಾರೆ ಅಂತ ಒಂದು ಅಡಿಟಿಪ್ಪಣಿ ಹಾಕು, ಮೇಲೆ ನಾಲ್ಕು ಸಾವಿರ ಹಾಗೇ ಇರ್ಲಿ" ಎಂದರು. ಮಾವ, ನನಗೆ ಬಾಯಿ ಬಂತು. "ಅವರು ಮೂವತ್ತೊಂದು ವರ್ಷದ ಮೊಹರನ್ನ ಮೇಜಿನ ಮೇಲಿಟ್ಟು ಬಂದಿದಾರೆ ಸರ್. ನಾನು ಒಂದು ಅಂಕಿ ಬಿಟ್ಟುಕೊಡೋಕಾಗಲ್ವಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಮರುದಿನ ನನ್ನ ಮೇಜಿನ ಹತ್ತಿರ ಬಂದು, "ಪ್ಲಾಟಿನಂ ಎಷ್ಟು ಗಟ್ಟಿ?" ಎಂದು ಕೇಳಿದರು. ಬರೀ ಐವತ್ತು ಎಂದೆ. "ಐವತ್ತರಿಂದ ಎರಡು ಸಾವಿರದ ಇನ್ನೂರು. ಕಾರ್ಬೈಡ್ ದಾಟಿದೆ, ನೀಲಮಣಿ ಸಮ ನಿಂತಿದೆ. ಇದನ್ನ ಸಣ್ಣದು ಅಂದವರು ಯಾರು? ನಾನು ನಿನ್ನೆ ದುರಾಸೆ ಪಟ್ಟೆ. ಇದ್ದದ್ದನ್ನ ಇದ್ದ ಹಾಗೆ ಬರಿ" ಎಂದರು. ಮಾವ, ಅವರ ಮೇಲಿನ ಗೌರವವೂ ನನಗೆ ಅವತ್ತು ಎರಡರಷ್ಟಾಯಿತು.

ಅಧ್ಯಾಯದ ಹಳೆಯ ಹೆಸರು ಹೋಯಿತು. ಈಗಿನ ಹೆಸರು "ಕುಗ್ಗದಿರುವುದು ಮತ್ತು ಗಟ್ಟಿಯಾಗಿರುವುದು: ಎರಡು ಬೇರೆ ಗುಣಗಳು". ಪರೀಕ್ಷೆಯಲ್ಲಿ ಇದು ನಿಲ್ಲುತ್ತದೋ ಬೀಳುತ್ತದೋ ಗೊತ್ತಿಲ್ಲ. ಇಲ್ಲಿ ಎಲ್ಲರಿಗೂ ನಾಲ್ಕು ಸಾವಿರದ ಸುದ್ದಿ ಹಬ್ಬಿಯಾಗಿದೆ, ಅದನ್ನು ವಾಪಸು ತೆಗೆದುಕೊಳ್ಳುವವಳಿಗೆ ಕೆಲಸ ಕೊಡುತ್ತಾರಾ ಎಂದು ಹೆದರಿಕೆಯಿದೆ.

ಒಂದು ಅನುಮತಿ ಬೇಕು. ಮೊದಲ ಓದು, ಅದು ತಪ್ಪಾದ ಕಾರಣ, ಟೇಪು ಅಂಟಿಸಿದ ತುಂಡು, ಎಲ್ಲವನ್ನೂ ಪ್ರಬಂಧದಲ್ಲಿ ಬರೆಯಬೇಕೆಂದಿದ್ದೇನೆ. ಅಂದರೆ ನಿಮ್ಮ ಕಣ್ಣಿನ ವಿಷಯ ಅಚ್ಚಾಗುತ್ತದೆ. ಬೇಡವೆಂದರೆ ಬರೆಯುವುದಿಲ್ಲ, ಆಣೆಗೂ ಬೇಸರವಿಲ್ಲ.

ಚಿನಕುರುಳಿ

*

ಏಪ್ರಿಲ್ 17

ಚಿನಕುರುಳಿಗೆ,

ಇದನ್ನು ಬರೆಯುತ್ತಿರುವವಳು ಅತ್ತೆ. ಇವರು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ನಾನೇ ಸೇರಿಸಿದ್ದನ್ನು ಅತ್ತೆ ಎಂದು ಬರೆದು ತೋರಿಸುತ್ತೇನೆ.

ಬರಿ. ಧಾರಾಳವಾಗಿ ಬರಿ. ಕಾಗುಣಿತ ತಪ್ಪದ ಹಾಗೆ ಬರಿ.

ಟೇಪು ಅಂಟಿಸಿದ್ದು ಮೈಕ್ರಾನಮ್ಮ ಎಂಬುದನ್ನು ಮರೆಯಬೇಡ. ಆ ಬುದ್ಧಿ ನನಗೆ ಬರಲಿಲ್ಲ. ಈಗ ನಮ್ಮಲ್ಲಿ ಎಲ್ಲರೂ ದಿನಾ ಬೆಳಿಗ್ಗೆ ಅಂಕಿ ಮುಚ್ಚಿದ ತುಂಡನ್ನೇ ಓದಬೇಕೆಂದು ನಿಯಮ ಮಾಡಿದ್ದಾರೆ. ತುಂಡು ಆರಿಸಿ ಟೇಪು ಅಂಟಿಸಿ ಕೊಡುವ ಕೆಲಸ ನನಗೆ. ಸರಿಯಾಗಿ ಓದದವರನ್ನು ನಾನು ಬಿಡುವುದಿಲ್ಲ.

(ಅತ್ತೆ: ಮೊಹರು ಕೊಟ್ಟು ಬಂದ ದಿನ ಇವರು ಊಟ ಮಾಡಲಿಲ್ಲ. ನಿನ್ನ ಕಾಗದ ಬಂದ ದಿನ ಎರಡು ಸಲ ಬಡಿಸಿಕೊಂಡರು. ಇವರಿಗೆ ಹೇಳಬೇಡ.)

ಮಾವ, ಅತ್ತೆ

*

ಜೂನ್ 19

ಪ್ರೀತಿಯ ಮಾವ, ಅತ್ತೆ,

ಪರೀಕ್ಷೆ ಮುಗಿಯಿತು. ಮೊದಲು ಫಲಿತಾಂಶ ಹೇಳಿಬಿಡುತ್ತೇನೆ: ಪಾಸು. ಕೆಲಸದ ಪತ್ರ ಇನ್ನೂ ಕೈಗೆ ಬಂದಿಲ್ಲ, ಸರ್ "ಬರುತ್ತೆ" ಎಂದಿದ್ದಾರೆ. ಈಗ ನಡೆದದ್ದು ಕೇಳಿ. ಅತ್ತೆ, ನಿಧಾನವಾಗಿ ಓದಿ ಹೇಳಿ.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದ ಮೇಡಂ. ನಲವತ್ತು ವರ್ಷ ಇದೇ ಲೋಹಗಳ ಜೊತೆ ಗುದ್ದಾಡಿದವರು. ಮೊದಲ ನಾಲ್ಕು ಅಧ್ಯಾಯಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. ಐದನೆಯದಕ್ಕೆ ಬಂದು ನಿಂತರು. "ನಾಲ್ಕು ಸಾವಿರ ಅಂತ ಕೇಳಿದ್ದೆ. ಇಲ್ಲಿ ಎರಡು ಸಾವಿರ ಚಿಲ್ಲರೆ ಇದೆ. ಈ ಅಂಕಿ ನಾನ್ಯಾಕೆ ನಂಬಬೇಕು?" ಎಂದರು.

ಸಿದ್ಧ ಮಾಡಿಕೊಂಡ ಉತ್ತರವೆಲ್ಲ ಹಾರಿಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: "ಮೊದಲು ಅಳೆದ ನಮ್ಮ ಮಾವನಿಗೆ ಈ ಅಂಕಿ ದೊಡ್ಡದಾಗಿರ್ಲಿ ಅಂತ ನನಗಿಂತ ಜಾಸ್ತಿ ಆಸೆ ಇತ್ತು ಮೇಡಂ. ಚಿಕ್ಕದು ಅಂತ ನನಗೆ ಹೇಳಿದವರೂ ಅವರೇ."

ಅವರು ಟೇಪಿನ ಪುಟ ತೆಗೆದು ಅಲ್ಲೇ ಕೂತು ಓದಿದರು. ಎಷ್ಟು ಹೊತ್ತು ಓದಿದರೆಂದರೆ ಸರ್ ಎರಡು ಸಲ ಕೆಮ್ಮಿದರು. ಆಮೇಲೆ ಪುಸ್ತಕ ಮುಚ್ಚಿ, "ಇದೇ ಥರದ್ದು, ಇರಿಡಿಯಂನದು, ನನ್ನ ಹತ್ರ ಮೂರು ಕಾಳು ಇದೆ. ಆರು ವರ್ಷದಿಂದ ಡ್ರಾಯರ್‌ನಲ್ಲಿದೆ. ಯಾರ ಕೈಗೂ ಕೊಡೋಕೆ ಮನಸ್ಸು ಬಂದಿಲ್ಲ. ನಿಮ್ಮ ಮಾವ ಅಳೆದು ಕೊಡ್ತಾರಾ?" ಎಂದು ಕೇಳಿದರು.

"ಮೇಡಂ, ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಅದರಲ್ಲೇ ಬರೆದಿದೀನಿ" ಎಂದೆ.

"ಓದಿದೆನಲ್ಲಮ್ಮ. ಅದಕ್ಕೇ ಕೇಳ್ತಿರೋದು" ಎಂದರು.

ಡಬ್ಬಿ ಈ ಕಾಗದದ ಜೊತೆಯಲ್ಲೇ ಇದೆ, ಮಾವ. ಮೈಕ್ರಾನಮ್ಮ ಓದಲಿ. ನೀವು ಪಕ್ಕದಲ್ಲಿ ಕೂತುಕೊಳ್ಳಿ.

ನಿಮ್ಮ,
ಚಿನಕುರುಳಿ